ಮೂವರು ವಾದಿಗಳಲ್ಲಿ ಅಣ್ಣ ತೀರಿಕೊಂಡರು, ನಮ್ಮ ದಾವೆ ಉಳಿದಿದೆಯಾ?

ಪ್ರಶ್ನೆ: ವಕೀಲರಿಗೆ ನಮಸ್ಕಾರ. ನಾನು ಡೊಂಬಿವಲಿಯಲ್ಲಿ ಇದ್ದೇನೆ, ಊರು ಬ್ರಹ್ಮಾವರದ ಹತ್ತಿರ. ಅಣ್ಣ, ನಾನು, ಅಕ್ಕನ ಗಂಡ (ಭಾವ) ಮೂವರೂ ಸೇರಿ 2014ರಲ್ಲಿ ದಾದರಿನಲ್ಲಿ ಒಂದು ಅಂಗಡಿ ಗಾಲಾ (ಮಳಿಗೆ) ಕೊಳ್ಳಲು ಒಪ್ಪಂದ ಮಾಡಿಕೊಂಡಿದ್ದೆವು. ಬೆಲೆ 85 ಲಕ್ಷ, ಮುಂಗಡ 30 ಲಕ್ಷ ಕೊಟ್ಟಿದ್ದೇವೆ. ಆಮೇಲೆ ಮಾಲೀಕರು ಬರೆದುಕೊಡಲು ಒಪ್ಪಲಿಲ್ಲ. 2016ರಲ್ಲಿ ಮುಂಬೈ ಸಿಟಿ ಸಿವಿಲ್ ಕೋರ್ಟಿನಲ್ಲಿ ಮೂವರೂ ದಾವೆ ಹಾಕಿದೆವು. ಕೇಸು ನೋಡಿಕೊಳ್ಳುತ್ತಿದ್ದದ್ದು ಅಣ್ಣನೇ. ಅವನ ಸಾಕ್ಷಿಯ ಅಫಿಡವಿಟ್ ಆಗಿತ್ತು, ಪಾಟೀಸವಾಲು ಬಾಕಿ ಇತ್ತು. ಈ ವರ್ಷ ಮಾರ್ಚ್ 10ರಂದು ಊರಲ್ಲಿ ಹೃದಯಾಘಾತದಿಂದ ತೀರಿಕೊಂಡ. ನಮ್ಮ ವಕೀಲರಿಗೆ ಹೇಳಬೇಕು ಅಂತ ಯಾರಿಗೂ ಹೊಳೆಯಲಿಲ್ಲ. ಸೆಪ್ಟೆಂಬರ್ ತಾರೀಖಿಗೆ ನಾನು ಹೋದಾಗಲೇ ಹೇಳಿದ್ದು. ಎದುರಿನವರ ವಕೀಲರು 'ದಾವೆ ಅಬೇಟ್ ಆಗಿ ಹೋಯಿತು, ಅಂದರೆ ಬಿದ್ದುಹೋಯಿತು, ಇನ್ನೇನಿಲ್ಲ' ಎಂದರು. ನಮ್ಮವರು 'ಇಬ್ಬರು ವಾದಿಗಳಿದ್ದೀರಿ, ಚಿಂತೆ ಬೇಡ' ಎಂದರು. ಅತ್ತಿಗೆ 'ನನಗೆ ಕೋರ್ಟು ಕಚೇರಿ ಬೇಡವೇ ಬೇಡ' ಅನ್ನುತ್ತಾರೆ. ಅಣ್ಣನ ಮಗ ದುಬೈಯಲ್ಲಿದ್ದಾನೆ, ಮಗಳನ್ನು ಪುಣೆಗೆ ಕೊಟ್ಟಿದೆ. ನಾವೀಗ ಏನು ಮಾಡಬೇಕು?

ಉತ್ತರ: ಅಣ್ಣನನ್ನು ಕಳೆದುಕೊಂಡ ದುಃಖದ ನಡುವೆ ಈ ಲೆಕ್ಕಾಚಾರ ಬೇರೆ. ಆದರೆ ಲೆಕ್ಕ ಇವತ್ತೇ ಹಾಕಬೇಕು, ಬೇರೆ ದಾರಿ ಇಲ್ಲ. ಮೊದಲೇ ಹೇಳಿಬಿಡುತ್ತೇನೆ: ಎದುರಿನ ವಕೀಲರು ಹೇಳಿದ್ದು ಅರ್ಧ ಸರಿ. ನಿಮ್ಮ ವಕೀಲರು ಹೇಳಿದ್ದು, ನಿಮ್ಮಂಥ ದಾವೆಯಲ್ಲಿ, ತಪ್ಪು. ಅಣ್ಣನ ಮಟ್ಟಿಗೆ ದಾವೆ ಬಿದ್ದುಹೋಗಿದೆ. ಆದರೆ ಅದನ್ನು ಎತ್ತಿ ನಿಲ್ಲಿಸಬಹುದು. ಈ ವಾರ ಅರ್ಜಿ ತಯಾರಿಸಲು ಶುರು ಮಾಡಿದರೆ ಕೋರ್ಟು ಒಪ್ಪುವ ಸಾಧ್ಯತೆ ಜಾಸ್ತಿ. ದೀಪಾವಳಿ ಕಳೆಯಲಿ, ಅತ್ತಿಗೆ ಮನಸ್ಸು ಬದಲಾಯಿಸಲಿ ಅಂತ ಕೂತರೆ ಒಂದೊಂದು ವಾರಕ್ಕೂ ಬೇರೆ ಬೇರೆ ಕಾರಣ ಕೊಡಬೇಕಾಗುತ್ತದೆ.

'ಇಬ್ಬರು ಇದ್ದೀರಲ್ಲ' ಎಂಬ ಮಾತನ್ನು ಮೊದಲು ನೋಡೋಣ. ನನಗೆ ಬರುವ ಪತ್ರಗಳಲ್ಲಿ ಅತಿ ಹೆಚ್ಚು ಜನ ಎಡವುವುದು ಇಲ್ಲಿಯೇ.

ವಾದಿ ಸತ್ತರೆ ಏನಾಗುತ್ತದೆ ಎಂಬುದು ಸಿವಿಲ್ ಪ್ರೊಸೀಜರ್ ಕೋಡಿನ ಆರ್ಡರ್ 22ರಲ್ಲಿದೆ. 1908ರ ಕಾನೂನು, 1976ರಲ್ಲಿ ದೊಡ್ಡ ತಿದ್ದುಪಡಿ ಆಯಿತು. ಅದರ ರೂಲ್ 1 ಹೇಳುವುದು ಇಷ್ಟೇ: ದಾವೆ ಹೂಡುವ ಹಕ್ಕು ಉಳಿದಿದ್ದರೆ, ಆಸಾಮಿ ಸತ್ತ ಮಾತ್ರಕ್ಕೆ ದಾವೆ ಸಾಯುವುದಿಲ್ಲ. ಮುಂದಿನ ಪ್ರಶ್ನೆ, ಆ ಹಕ್ಕು ಯಾರ ಕೈಗೆ ಬಂತು ಎಂಬುದು. ಉಳಿದ ವಾದಿಗಳ ಕೈಗೆ ಮಾತ್ರ ಬಂದಿದ್ದರೆ ರೂಲ್ 2. ಆಗ ಸುಲಭ. ಮರಣದ ವಿಷಯ ಕೋರ್ಟಿಗೆ ತಿಳಿಸಿದರೆ ದಾಖಲೆಯಲ್ಲಿ ಬರೆದುಕೊಂಡು ದಾವೆ ಮುಂದೆ ಹೋಗುತ್ತದೆ. ಒಂದು ಟ್ರಸ್ಟಿಗೆ ಮೂವರು ಟ್ರಸ್ಟಿಗಳು, ಒಬ್ಬರು ತೀರಿಕೊಂಡರು, ಟ್ರಸ್ಟಿನ ಆಸ್ತಿ ಉಳಿದಿಬ್ಬರ ಕೈಯಲ್ಲಿ ಉಳಿಯಿತು ಅಂದುಕೊಳ್ಳಿ. ಅಲ್ಲಿ ಸತ್ತವರ ಹೆಂಡತಿ ಮಕ್ಕಳಿಗೆ ಕೆಲಸವಿಲ್ಲ.

ನಿಮ್ಮದು ಹಾಗಲ್ಲ. ನೀವು ಮೂವರೂ ಸ್ವಂತಕ್ಕೆ, ಒಟ್ಟಾಗಿ, ಒಂದೇ ಗಾಲಾ ಕೊಳ್ಳಲು ಹೊರಟವರು. ಇಂಥ ಜಂಟಿ ಒಪ್ಪಂದದ ಬಗ್ಗೆ 1872ರ ಕಾಂಟ್ರಾಕ್ಟ್ ಕಾಯ್ದೆಯ ಸೆಕ್ಷನ್ 45 ಸ್ಪಷ್ಟವಾಗಿದೆ. ಒಪ್ಪಂದದಲ್ಲಿ ಬೇರೆ ಮಾತಿಲ್ಲದಿದ್ದರೆ, ಒಬ್ಬ ತೀರಿಕೊಂಡಾಗ ಆತನ ಹಕ್ಕು ಆತನ ವಾರಸುದಾರರಿಗೆ ಹೋಗುತ್ತದೆ. ಅವರು ಉಳಿದವರ ಜೊತೆ ಸೇರಿಯೇ ಕೇಳಬೇಕು. ಅಂದರೆ ಅಣ್ಣನ ಪಾಲು ತಾನಾಗಿ ನಿಮಗೂ ಭಾವನಿಗೂ ಹಂಚಿಹೋಗಲಿಲ್ಲ. ಅದು ಅವನ ಮನೆಯವರದು. ಹಾಗಾಗಿ ನಿಮಗೆ ರೂಲ್ 2 ಅಲ್ಲ, ರೂಲ್ 3. ವಾರಸುದಾರರನ್ನು ದಾಖಲೆಗೆ ತನ್ನಿ ಎಂದು ಅರ್ಜಿ ಕೊಡಬೇಕು. ಅವಧಿಯೊಳಗೆ ಕೊಡದಿದ್ದರೆ ತೀರಿಕೊಂಡ ವಾದಿಯ ಮಟ್ಟಿಗೆ ದಾವೆ ಅಬೇಟ್ ಆಗುತ್ತದೆ.

'ಅವನ ಮಟ್ಟಿಗೆ ಮಾತ್ರ ತಾನೇ? ನಮ್ಮಿಬ್ಬರದ್ದು ಉಳಿಯಿತಲ್ಲ' ಎಂದು ನೀವು ಕೇಳುತ್ತೀರಿ. ಕಾಗದದ ಮೇಲೆ ಹೌದು. ಆದರೆ ನೀವು ಕೇಳುತ್ತಿರುವುದು ಏನು? ಒಂದೇ ಗಾಲಾ, ಒಂದೇ ಕ್ರಯಪತ್ರ, ಮೂವರ ಹೆಸರಿಗೆ. ಅದರಲ್ಲಿ ಮೂರರಲ್ಲಿ ಎರಡು ಭಾಗಕ್ಕೆ ಬರೆದುಕೊಡಿ ಎಂದು ಕೋರ್ಟು ಹೇಳಲು ಬರುವುದಿಲ್ಲ, ಮಾಲೀಕರು ಅಂಥ ಮಾತು ಕೊಟ್ಟೇ ಇರಲಿಲ್ಲ. ಹೀಗೆ ಬೇರ್ಪಡಿಸಲಾಗದ ಹಕ್ಕಿನಲ್ಲಿ ಒಬ್ಬನ ಮಟ್ಟಿಗೆ ಬಿದ್ದದ್ದು ಇಡೀ ದಾವೆಯನ್ನೇ ಎಳೆದುಕೊಂಡು ಹೋಗಬಹುದು. ಸುಪ್ರೀಂ ಕೋರ್ಟು 1961ರಲ್ಲಿ ಪಂಜಾಬ್ ಸರ್ಕಾರ ಮತ್ತು ನಾಥು ರಾಮ್ ಪ್ರಕರಣದಲ್ಲಿ ಇದರ ಅಳತೆಗೋಲು ಕೊಟ್ಟಿತು. ಅದು ಒಂದು ಅಪೀಲು, ಸತ್ತಿದ್ದವರು ಎದುರುದಾರರಲ್ಲಿ ಒಬ್ಬರು. ಉಳಿದವರ ಮಟ್ಟಿಗೆ ತೀರ್ಪು ಕೊಟ್ಟರೆ ಅದು ಸತ್ತವರ ಮಟ್ಟಿಗೆ ಆಗಿರುವುದಕ್ಕೆ ತದ್ವಿರುದ್ಧ ಆಗುತ್ತದೆಯೇ ಎಂದು ನೋಡಬೇಕು, ಆಗುವುದಾದರೆ ಇಡೀ ಅಪೀಲೇ ನಿಲ್ಲದು. ಎದುರಿನ ವಕೀಲರ ಮನಸ್ಸಿನಲ್ಲಿ ಇರುವುದು ಈ ವಾದವೇ. ಅವರನ್ನು ಹಗುರವಾಗಿ ತೆಗೆದುಕೊಳ್ಳಬೇಡಿ.

ಮೂವರು ಸೇರಿ ಕೊಟ್ಟ ಸಾಲವಾದರೂ ಮೂರು ಬೇರೆ ಬೇರೆ ಪ್ರಾಮಿಸರಿ ನೋಟು ಇದ್ದಿದ್ದರೆ ಒಬ್ಬನ ನೋಟು ಮಾತ್ರ ಕೈಬಿಡುತ್ತಿತ್ತು. ಕೂಡು ಮಾಲೀಕರು ಬಾಡಿಗೆದಾರನನ್ನು ಬಿಡಿಸುವ ದಾವೆಯಾಗಿದ್ದರೂ ಇಷ್ಟು ಭಯವಿರಲಿಲ್ಲ, ಅಲ್ಲಿ ಒಬ್ಬ ಮಾಲೀಕ ಇದ್ದರೂ ನಡೆಸಬಹುದು. ಬಹುಶಃ ನಿಮ್ಮ ವಕೀಲರು ಆ ಗುಂಗಿನಲ್ಲೇ ಹೇಳಿರಬೇಕು. ಸಣ್ಣ ವಿಷಯಕ್ಕೆ ವಕೀಲರನ್ನು ಬದಲಾಯಿಸಬೇಡಿ, ಕೂತು ಮಾತಾಡಿ.

ಈಗ ದಿನಗಳ ಲೆಕ್ಕ. 1963ರ ಲಿಮಿಟೇಶನ್ (ಕಾಲಮಿತಿ) ಕಾಯ್ದೆಯ ಆರ್ಟಿಕಲ್ 120ರ ಪ್ರಕಾರ ವಾರಸುದಾರರನ್ನು ತರಲು 90 ದಿನ. ಎಣಿಕೆ ಶುರುವಾಗುವುದು ಮರಣದ ದಿನದಿಂದ. ವಕೀಲರಿಗೆ ಗೊತ್ತಾದ ದಿನದಿಂದ ಅಲ್ಲ, ಸರ್ಟಿಫಿಕೇಟ್ ಕೈಗೆ ಬಂದ ದಿನದಿಂದಲೂ ಅಲ್ಲ. ಮಾರ್ಚ್ 10 ಅನ್ನು ಬಿಟ್ಟು ಎಣಿಸಿದರೆ ಜೂನ್ 8ಕ್ಕೆ 90 ಮುಗಿಯಿತು. ಮರುದಿನದಿಂದ ಅಬೇಟ್ ಆದ ಹಾಗೆಯೇ. ಇದಕ್ಕೆ ನ್ಯಾಯಾಧೀಶರು ಆರ್ಡರ್ ಬರೆಯಬೇಕಾಗಿಲ್ಲ, ಗಡಿಯಾರವೇ ಬರೆದುಬಿಡುತ್ತದೆ. 'ರೋಜ್‌ನಾಮೆಯಲ್ಲಿ (ಕೋರ್ಟಿನ ದಿನದಿನದ ದಾಖಲೆಯಲ್ಲಿ) ಏನೂ ಬರೆದಿಲ್ಲವಲ್ಲ, ಆಮೇಲೂ ಎರಡು ತಾರೀಖು ಬಿತ್ತಲ್ಲ' ಎಂದು ಸಮಾಧಾನ ಪಡುವವರಿದ್ದಾರೆ. ಅದು ಸುಳ್ಳು ಸಮಾಧಾನ.

ಅಲ್ಲಿಂದ ಇನ್ನೊಂದು ಬಾಗಿಲು ತೆರೆಯುತ್ತದೆ. ಆರ್ಟಿಕಲ್ 121: ಅಬೇಟ್ ಆದದ್ದನ್ನು ರದ್ದು ಮಾಡಿ ಎಂದು ಕೇಳಲು 60 ದಿನ. ಅದು ಆಗಸ್ಟ್ 7ಕ್ಕೆ ಮುಗಿಯಿತು. ನೀವು ಅದನ್ನೂ ದಾಟಿದ್ದೀರಿ. ಇನ್ನು ಉಳಿದಿರುವುದು ಅದೇ ಲಿಮಿಟೇಶನ್ ಕಾಯ್ದೆಯ ಸೆಕ್ಷನ್ 5, ಅಂದರೆ ತಡವನ್ನು ಮನ್ನಿಸಿ ಎಂಬ ಕೋರಿಕೆ. ಆರ್ಡರ್ 22ರ ರೂಲ್ 9 ಈ ಸೆಕ್ಷನ್ ಇಲ್ಲಿಗೂ ಅನ್ವಯ ಎಂದು ಬಾಯಿಬಿಟ್ಟೇ ಹೇಳಿದೆ.

ಇಲ್ಲಿ ಒಂದು ಸಣ್ಣ ಲೆಕ್ಕ ನಿಮಗೆ ಅನುಕೂಲಕರ. ಅಕ್ಟೋಬರ್ 16ಕ್ಕೆ ಅರ್ಜಿ ಹಾಕುತ್ತೀರಿ ಎಂದುಕೊಳ್ಳಿ. ಅಣ್ಣ ತೀರಿಕೊಂಡು ಅಂದಿಗೆ 220 ದಿನ. ಗಾಬರಿಯಲ್ಲಿ ಹಲವರು '220 ದಿನದ ವಿಳಂಬ' ಎಂದೇ ಅರ್ಜಿಯಲ್ಲಿ ಬರೆಸಿಬಿಡುತ್ತಾರೆ. ಅಷ್ಟಿಲ್ಲ. 90 ಮತ್ತು 60, ಒಟ್ಟು 150 ದಿನ ಕಾನೂನೇ ಕೊಟ್ಟಿದ್ದು. ನಿಮ್ಮ ತಡ 70 ದಿನ. ಎಪ್ಪತ್ತಕ್ಕೂ ಇನ್ನೂರಿಪ್ಪತ್ತಕ್ಕೂ ನ್ಯಾಯಾಧೀಶರ ಕಣ್ಣಿಗೆ ಎಷ್ಟು ವ್ಯತ್ಯಾಸ ಅಲ್ವಾ?

ಹಾಗಾದರೆ ಅರ್ಜಿಯಲ್ಲಿ ಕೇಳಬೇಕಾದ್ದು ಮೂರು: ತಡ ಮನ್ನಿಸಿ, ಅಬೇಟ್ ಆದದ್ದನ್ನು ರದ್ದು ಮಾಡಿ, ವಾರಸುದಾರರನ್ನು ಸೇರಿಸಿ. ಸಿಟಿ ಸಿವಿಲ್ ಕೋರ್ಟಿನಲ್ಲಿ ಇದು ಸಾಮಾನ್ಯವಾಗಿ ಚೇಂಬರ್ ಸಮನ್ಸ್ ಎಂಬ ಅರ್ಜಿಯ ರೂಪದಲ್ಲಿ ಹೋಗುತ್ತದೆ, ಜೊತೆಗೆ ಅಫಿಡವಿಟ್ ಮತ್ತು ದಾವಾಪತ್ರದಲ್ಲಿ ಏನೇನು ತಿದ್ದಬೇಕು ಎಂಬ ಶೆಡ್ಯೂಲ್. ಮೂರರಲ್ಲಿ ಒಂದನ್ನು ಬಿಟ್ಟರೆ ಅರ್ಜಿ ಬಿತ್ತು ಅಂತಲ್ಲ. 2003ರಲ್ಲಿ ನಮ್ಮ ಬಾಂಬೆ ಹೈಕೋರ್ಟಿನಿಂದಲೇ ಮೇಲೆ ಹೋದ ಮಿಠಾಯಿಲಾಲ್ ದಲ್‌ಸಂಗರ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಇದನ್ನೇ ಹೇಳಿತು. ವಾರಸುದಾರರನ್ನು ಸೇರಿಸಿ ಎಂದು ಕೇಳಿದರೆ ಅಬೇಟ್ ರದ್ದು ಮಾಡಿ ಎಂಬ ಕೋರಿಕೆ ಅದರೊಳಗೇ ಇದೆ, ಪದ ಹಿಡಿದುಕೊಂಡು ಕೂರಬೇಡಿ, ನ್ಯಾಯ ಸಿಗುವ ಹಾಗೆ ನೋಡಿ ಎಂದು. ಈ ತೀರ್ಪನ್ನು ನಿಮ್ಮ ವಕೀಲರು ಇಟ್ಟುಕೊಂಡಿರಲಿ. ಆದರೂ ನಾನಾದರೆ ಮೂರನ್ನೂ ಬಿಡಿಬಿಡಿಯಾಗಿ ಬರೆಯುತ್ತೇನೆ. ಸುಪ್ರೀಂ ಕೋರ್ಟಿನವರೆಗೆ ಹೋಗಿ ಗೆಲ್ಲುವುದಕ್ಕಿಂತ ಒಂದು ಸಾಲು ಹೆಚ್ಚು ಟೈಪ್ ಮಾಡಿಸುವುದು ಅಗ್ಗ.

ತಡಕ್ಕೆ ಕಾರಣ ಏನು ಬರೆಯುವುದು? ನಡೆದದ್ದನ್ನೇ ಬರೆಯಿರಿ. ಕೇಸಿನ ಓಡಾಟವೆಲ್ಲ ಅಣ್ಣನದೇ. ಅವರು ತೀರಿಕೊಂಡದ್ದು ಊರಲ್ಲಿ. ಉತ್ತರಕ್ರಿಯೆ, ಮನೆಯ ಜವಾಬ್ದಾರಿ. ಮಗ ವಿದೇಶದಲ್ಲಿ, ಮಗಳು ಬೇರೆ ಊರಲ್ಲಿ. ವಾರಸುದಾರರನ್ನು ಸೇರಿಸಬೇಕು ಎಂದು ನಿಮಗೆ ಗೊತ್ತಾದದ್ದು ಸೆಪ್ಟೆಂಬರ್ ತಾರೀಖಿನಂದು. ಆ ತಾರೀಖಿನಿಂದ ಅರ್ಜಿಯ ದಿನದವರೆಗೆ ಏನು ಮಾಡಿದಿರಿ ಎಂಬುದಕ್ಕೆ ಸ್ವಲ್ಪ ಜಾಸ್ತಿ ವಿವರ ಕೊಡಿ. ಯಾವಾಗ ಊರಿಗೆ ಹೋದಿರಿ, ಸರ್ಟಿಫಿಕೇಟ್ ಯಾವಾಗ ಸಿಕ್ಕಿತು, ಮಗನಿಗೆ ಕಾಗದ ಯಾವಾಗ ಕಳಿಸಿದಿರಿ. ಸತ್ತ ಮೊದಲ ತಿಂಗಳ ಬಗ್ಗೆ ಯಾವ ನ್ಯಾಯಾಧೀಶರೂ ಚುಚ್ಚಿ ಕೇಳುವುದಿಲ್ಲ. ಗೊತ್ತಾದ ಮೇಲಿನ ತಿಂಗಳ ಬಗ್ಗೆ ಕೇಳುತ್ತಾರೆ.

2008ರಲ್ಲಿ ಕೇರಳದ ಪೆರುಮಾನ್ ಭಗವತಿ ದೇವಸ್ವಂ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಈ ವಿಷಯವನ್ನು ಚೆನ್ನಾಗಿ ಬಿಡಿಸಿ ಹೇಳಿದೆ. ತಡ ಎಷ್ಟು ದಿನದ್ದು ಎಂಬುದು ಮುಖ್ಯವಲ್ಲ, ಕೊಟ್ಟ ವಿವರಣೆ ನಂಬುವಂತಿದೆಯೇ ಎಂಬುದು ಮುಖ್ಯ. ಬೇರೆ ವಿಳಂಬಗಳಿಗಿಂತ ವಾರಸುದಾರರ ವಿಷಯದ ವಿಳಂಬಕ್ಕೆ ಕೋರ್ಟುಗಳು ಜಾಸ್ತಿ ಕೈ ಸಡಿಲ ಬಿಡುತ್ತವೆ. ಆದರೆ ಅದೇ ತೀರ್ಪಿನಲ್ಲಿ ಇನ್ನೊಂದು ಮಾತೂ ಇದೆ. ಹೈಕೋರ್ಟಿನಲ್ಲಿ ವರ್ಷಗಟ್ಟಲೆ ಕರೆಯದೆ ಬಿದ್ದಿರುವ ಅಪೀಲಿನಲ್ಲಿ ಸಾವಿನ ಸುದ್ದಿ ತಿಳಿಸದೆ ಉಳಿಯುವುದು ಸಹಜ, ತಾರೀಖಿನ ಮೇಲೆ ತಾರೀಖು ಬೀಳುವ ಕೆಳಗಿನ ಕೋರ್ಟಿನಲ್ಲಿ ಅಷ್ಟು ಸಹಜವಲ್ಲ. ನಿಮ್ಮದು ಎರಡನೆಯದು. ಹಾಗಾಗಿ ಅಫಿಡವಿಟ್ ಸಪ್ಪೆಯಾಗಿರಬಾರದು.

ಸುಳ್ಳಂತೂ ಬೇಡ. ನಾನು ಮುಂಬೈಯ ಫೋರ್ಟಿನಲ್ಲಿ ಜೂನಿಯರ್ ವಕೀಲನಾಗಿದ್ದಾಗ ಒಂದು ಕುಟುಂಬ, ಹೆಸರು ಬೇಡ, ತೀರಿಕೊಂಡ ಅಣ್ಣನ ವಿಷಯ ಮುಚ್ಚಿಟ್ಟು ಒಂದೂವರೆ ವರ್ಷ ತಾರೀಖು ನಡೆಸಿತ್ತು. ನಡುವೆ ಒಂದು ಅರ್ಜಿಗೆ ತಮ್ಮನೇ ಅಣ್ಣನ ಸಹಿ ಹಾಕಿದ್ದ. 'ಅಣ್ಣನ ಕೇಸು ತಾನೇ, ಅವನಿಗೋಸ್ಕರವೇ ಹಾಕಿದ್ದು' ಎಂಬುದು ಅವನ ಭಾವನೆ. ಪಾಟೀಸವಾಲಿನಲ್ಲಿ ಎದುರಿನವರು ಮರಣದ ಸರ್ಟಿಫಿಕೇಟನ್ನು ಮುಂದಿಟ್ಟು, ಈ ಸಹಿ ಯಾರದು ಎಂದು ಮೆಲ್ಲಗೆ ಕೇಳಿದರು. ಆಮೇಲೆ ಆ ತಮ್ಮ ಹೇಳಿದ ನಿಜವನ್ನೂ ಯಾರೂ ನಂಬಲಿಲ್ಲ. ಮಾರ್ಚ್ ನಂತರ ಅಣ್ಣನ ಹೆಸರಲ್ಲಿ ಏನಾದರೂ ಫೈಲ್ ಆಗಿದೆಯೇ ಎಂದು ನಿಮ್ಮ ವಕೀಲರನ್ನು ಕೇಳಿ ನೋಡಿ. ಆಗಿದ್ದರೆ ಈಗಲೇ ಕೋರ್ಟಿಗೆ ಹೇಳುವುದು ಒಳ್ಳೆಯದು.

ಪಕ್ಷಕಾರ ತೀರಿಕೊಂಡದ್ದು ಗೊತ್ತಾದ ಕೂಡಲೇ ಅದನ್ನು ಕೋರ್ಟಿಗೆ ತಿಳಿಸುವುದು ವಕೀಲರ ಕರ್ತವ್ಯ ಎಂದು ರೂಲ್ 10ಎ ಹೇಳುತ್ತದೆ. ಸೆಪ್ಟೆಂಬರಿನಲ್ಲಿ ನೀವು ಹೇಳಿದ್ದೀರಿ. ಅವರು ಅಂದೇ ತಿಳಿಸಿದ್ದಾರೆಯೇ ಎಂದು ರೋಜ್‌ನಾಮೆ ತೆಗೆಸಿ ನೋಡಿ. ಇ-ಕೋರ್ಟ್ಸ್ ಆ್ಯಪಿನಲ್ಲಿ ನಿಮ್ಮ ಕೇಸಿನ ಸಿಎನ್‌ಆರ್ ನಂಬರ್ ಹಾಕಿದರೆ ಕೇಸಿನ ಸ್ಥಿತಿ ನೀವೇ ನೋಡಬಹುದು.

ಇನ್ನು ವಾರಸುದಾರರು ಯಾರು? ನೀವು ಅತ್ತಿಗೆ, ಮಗ, ಮಗಳು ಎಂದು ಬರೆದಿದ್ದೀರಿ. ತಾಯಿಯ ಬಗ್ಗೆ ಒಂದು ಮಾತೂ ಇಲ್ಲ. ತಾಯಿ ಇದ್ದಾರೆಯೇ? ಇದ್ದರೆ ಅವರೂ ವಾರಸುದಾರರೇ. ಹಿಂದೂ ಉತ್ತರಾಧಿಕಾರ ಕಾಯ್ದೆಯಲ್ಲಿ ಗಂಡಸು ವಿಲ್ ಬರೆಯದೆ ತೀರಿಕೊಂಡರೆ ಹೆಂಡತಿ, ಗಂಡುಮಕ್ಕಳು, ಹೆಣ್ಣುಮಕ್ಕಳ ಜೊತೆಗೆ ತಾಯಿಗೂ ಮೊದಲ ಸಾಲಿನಲ್ಲೇ ಸಮಪಾಲು. ಊರಲ್ಲಿ ಮೂಲೆಯ ಕೋಣೆಯಲ್ಲಿ ಜಪಮಾಲೆ ಹಿಡಿದು ಕೂತ ಅಮ್ಮನನ್ನು ಇಂಥ ಅರ್ಜಿಗಳಲ್ಲಿ ಎಲ್ಲರೂ ಮರೆಯುತ್ತಾರೆ. ಎದುರಿನ ವಕೀಲರು ಮಾತ್ರ ಮರೆಯುವುದಿಲ್ಲ.

ಕರಾವಳಿಯವರಾದ್ದರಿಂದ ಇನ್ನೊಂದು ಪ್ರಶ್ನೆ ಬರಬಹುದು. 'ನಮ್ಮದು ಅಳಿಯಕಟ್ಟು, ಅಣ್ಣನದ್ದು ಅಕ್ಕನ ಮಕ್ಕಳಿಗೆ ಹೋಗುವುದಲ್ವಾ?' ಎಂದು ನನ್ನನ್ನು ಮಾಟುಂಗಾದಲ್ಲಿ ಮದುವೆ ಊಟದ ಪಂಕ್ತಿಯಲ್ಲೂ ಕೇಳಿದವರಿದ್ದಾರೆ. 1956ರ ಕಾಯ್ದೆ ಬಂದ ಮೇಲೆ, ಅಣ್ಣ ಸ್ವಂತ ದುಡ್ಡು ಹಾಕಿ ಮಾಡಿದ ಒಪ್ಪಂದದ ಹಕ್ಕು ಹೆಂಡತಿ, ಮಕ್ಕಳು, ತಾಯಿಗೇ ಹೋಗುತ್ತದೆ. ನೀವು ತಮ್ಮ, ಭಾವ ಬೇರೆ ಮನೆಯವರು. ಆ ಪಾಲಿಗೆ ನೀವಿಬ್ಬರೂ ವಾರಸುದಾರರಲ್ಲ.

ಕಾಗದಪತ್ರದ ವಿಷಯದಲ್ಲಿ ಮುಂಬೈಯವರಿಗೆ ಬೇಡದ ಹೆದರಿಕೆ ಜಾಸ್ತಿ. ಇಲ್ಲಿ ವಾರಸಾ ಸರ್ಟಿಫಿಕೇಟ್ ಎಂದರೆ 1827ರ ಬಾಂಬೆ ರೆಗ್ಯುಲೇಶನ್ 8ರ ಅಡಿ ಸಿವಿಲ್ ಕೋರ್ಟು ಕೊಡುವುದು. ಹೌದು, 1827, ಮುಂಬೈಗೆ ರೈಲು ಬರುವುದಕ್ಕೂ ಮೊದಲಿನದು, ಇನ್ನೂ ಬಳಕೆಯಲ್ಲಿದೆ. ಅದು ಸಿಗಲು ತಿಂಗಳುಗಟ್ಟಲೆ ಬೇಕು. ನಿಮ್ಮ ಅರ್ಜಿಗೆ ಅದು ಬೇಡ. ಸಕ್ಸೆಶನ್ ಸರ್ಟಿಫಿಕೇಟೂ ಬೇಡ. ಮರಣದ ಸರ್ಟಿಫಿಕೇಟ್, ವಾರಸುದಾರರು ಇಷ್ಟೇ ಜನ ಎಂಬ ಅಫಿಡವಿಟ್, ಅವರ ವಯಸ್ಸು ಮತ್ತು ವಿಳಾಸ, ಹೊಸಬರ ವಕಾಲತ್ತು ಇದ್ದರೆ ನಡೆಯುತ್ತದೆ. ಊರಿನ ನಾಡಕಚೇರಿಯಲ್ಲಿ ವಂಶವೃಕ್ಷ ಮಾಡಿಸಿಕೊಂಡರೆ ಒಳ್ಳೆಯದೇ, ಆದರೆ ಅದಕ್ಕಾಗಿ ಕಾಯಬೇಡಿ, ಆಮೇಲೂ ಕೊಡಬಹುದು. ಊರಿನ ಕಾಗದ ಕನ್ನಡದಲ್ಲಿ ಇರುತ್ತದೆ, ಇಂಗ್ಲಿಷ್ ಅನುವಾದ ಜೊತೆಗಿಡಿ.

ವಾರಸುದಾರರು ಯಾರು ಎಂಬುದರ ಬಗ್ಗೆ ಎದುರಿನವರು ತಕರಾರು ಎತ್ತಿದರೆ ಕೋರ್ಟು ರೂಲ್ 5ರಲ್ಲಿ ಸಣ್ಣ ವಿಚಾರಣೆ ಮಾಡುತ್ತದೆ. ಅದು ಈ ದಾವೆ ನಡೆಸುವ ಮಟ್ಟಿಗೆ ಮಾತ್ರ. ಅಣ್ಣನ ಆಸ್ತಿ ಯಾರಿಗೆ ಎಷ್ಟು ಎಂಬುದು ಅಲ್ಲಿ ಕೊನೆಯಾಗಿ ತೀರ್ಮಾನ ಆಗುವುದಿಲ್ಲ. ಅತ್ತಿಗೆಗೂ ಮಕ್ಕಳಿಗೂ ಇದನ್ನು ಬಿಡಿಸಿ ಹೇಳಿ, ಸಹಿ ಹಾಕಿದರೆ ಪಾಲು ಹೋಯಿತು ಎಂಬ ಹೆದರಿಕೆ ಎಷ್ಟೋ ಮನೆಗಳಲ್ಲಿ ಇರುತ್ತದೆ.

ದುಬೈಯ ಮಗ ಬರಲೇಬೇಕೆಂದಿಲ್ಲ. ಅಲ್ಲಿನ ಭಾರತೀಯ ಕಾನ್ಸುಲೇಟಿನಲ್ಲಿ ದೃಢೀಕರಿಸಿದ ಪವರ್ ಆಫ್ ಅಟಾರ್ನಿಯನ್ನು ತಾಯಿಯ ಅಥವಾ ತಂಗಿಯ ಹೆಸರಿಗೆ ಕಳಿಸಲಿ. ಅದು ಇಲ್ಲಿಗೆ ತಲುಪಿ ಮೂರು ತಿಂಗಳೊಳಗೆ ಮಹಾರಾಷ್ಟ್ರದ ಸ್ಟ್ಯಾಂಪ್ ಡ್ಯೂಟಿ ಕಟ್ಟಿಸಿ. ಆ ಕಾಗದ ಬರುವುದು ತಡವಾದರೆ ಅದಿಲ್ಲದೆಯೇ ಅರ್ಜಿ ಹಾಕಿ.

ಹಾಕುವವರು ಯಾರು? ಇದೇ ನಿಮಗೆ ದೊಡ್ಡ ಸಮಾಧಾನದ ವಿಷಯ. ಅರ್ಜಿ ಕೊಡಬೇಕು ಎಂದು ರೂಲ್ 3 ಹೇಳುತ್ತದೆ, ವಾರಸುದಾರರೇ ಕೊಡಬೇಕು ಎಂದು ಹೇಳುವುದಿಲ್ಲ. ಉಳಿದ ವಾದಿಯಾಗಿ ನೀವೇ ಕೊಡಬಹುದು. ಅತ್ತಿಗೆಯ ಒಪ್ಪಿಗೆಗೆ ಕಾಯುತ್ತಾ ದಿನ ಕಳೆಯಬೇಕಾದ ಅಗತ್ಯವಿಲ್ಲ. ಅವರು ವಾದಿಯಾಗಿ ಸೇರಲು ಒಪ್ಪದಿದ್ದರೆ ಅವರನ್ನು ಪ್ರತಿವಾದಿಗಳ ಸಾಲಿನಲ್ಲಿ ಸೇರಿಸಿ ಎಂದು ಕೇಳಬಹುದು. ಅವರ ಮೇಲೆ ಏನೂ ಕೇಳುವುದಿಲ್ಲ, ದಾಖಲೆಯಲ್ಲಿ ಅವರು ಇರಬೇಕು ಅಷ್ಟೇ. ಜಂಟಿ ಒಪ್ಪಂದದಲ್ಲಿ ಒಬ್ಬರು ಜೊತೆಗೆ ಬರಲು ಒಪ್ಪದಾಗ ಕೋರ್ಟುಗಳು ಹಿಂದಿನಿಂದಲೂ ಒಪ್ಪುತ್ತಾ ಬಂದ ದಾರಿ ಇದು.

ಆದರೆ ಅತ್ತಿಗೆಗೆ ಸಮನ್ಸ್ ಕಳಿಸುವ ಮೊದಲು ಒಮ್ಮೆ ಮನೆಗೆ ಹೋಗಿ ಕೂತು ಮಾತಾಡಿ. ಹೇಳದೆ ಕೇಳದೆ ಪೋಸ್ಟ್‌ಮ್ಯಾನ್ ಕೈಲಿ 'ಪ್ರತಿವಾದಿ' ಎಂಬ ಕಾಗದ ಬಂದರೆ ಮನೆ ಒಡೆಯುತ್ತದೆ. ನಾನು ಕಂಡ ಹಾಗೆ ವಿಧವೆಯರ 'ಕೋರ್ಟು ಬೇಡ' ಎಂಬ ಮಾತಿನ ಹಿಂದೆ ಎರಡೇ ಭಯ ಇರುವುದು. ತಾರೀಖಿಗೆ ಓಡಾಡಬೇಕಲ್ಲ ಎಂಬುದು ಒಂದು. ದುಡ್ಡು ಹೊಂದಿಸಬೇಕಲ್ಲ ಎಂಬುದು ಇನ್ನೊಂದು. ಮೊದಲನೆಯದಕ್ಕೆ ಉತ್ತರ ಸುಲಭ: ವಕೀಲರು ಹಾಜರಾಗುತ್ತಾರೆ, ಅವರು ಪ್ರತಿ ತಾರೀಖಿಗೆ ಬರಬೇಕಾಗಿಲ್ಲ, ಸಾಕ್ಷಿಯನ್ನೂ ನೀವೇ ಹೇಳಬಹುದು. ಎರಡನೆಯದು ನಿಜವಾದ ಪ್ರಶ್ನೆ. ಮಾಲೀಕರಿಗೆ ಇನ್ನೂ 55 ಲಕ್ಷ ಕೊಡಬೇಕು. ಇಂಥ ದಾವೆಯಲ್ಲಿ, ನಾವು ಮೊದಲಿನಿಂದಲೂ ಹಣ ಕೊಡಲು ತಯಾರಿದ್ದೆವು, ಈಗಲೂ ಇದ್ದೇವೆ ಎಂದು ವಾದಿಗಳು ತೋರಿಸಬೇಕು, ಸ್ಪೆಸಿಫಿಕ್ ರಿಲೀಫ್ ಕಾಯ್ದೆಯ ಸೆಕ್ಷನ್ 16 ಅದನ್ನೇ ಹೇಳುತ್ತದೆ. ಅಣ್ಣನ ಪಾಲಿನ ಹಣ ಯಾರು ತರುತ್ತಾರೆ? ನೀವೂ ಭಾವನೂ ತರುವುದಾದರೆ ಅದನ್ನು ಮನೆಯಲ್ಲಿ ಮೊದಲೇ ತೀರ್ಮಾನ ಮಾಡಿ, ನಿಮ್ಮ ಸಾಕ್ಷಿಯಲ್ಲಿ ಬ್ಯಾಂಕ್ ಕಾಗದ ಸಮೇತ ಹೇಳಿ. ವಾರಸುದಾರರೇ ಹಿಂಜರಿಯುತ್ತಿದ್ದಾರೆ ಎಂಬ ಒಂದು ವಾಕ್ಯ ಎದುರಿನವರಿಗೆ ಸಿಕ್ಕಿದರೆ ಅವರು ಅದನ್ನೇ ಹಿಡಿದು ಜಗ್ಗುತ್ತಾರೆ.

ಅತ್ತಿಗೆ ಮಕ್ಕಳಿಗೆ ಗಾಲಾ ಬೇಡವೇ ಬೇಡ, ಅಣ್ಣ ಹಾಕಿದ ಮುಂಗಡ ವಾಪಸ್ ಬಂದರೆ ಸಾಕು ಎಂದಾದರೆ, ಅವರು ತಮ್ಮ ಹಕ್ಕನ್ನು ನಿಮಗೆ ಬರೆದುಕೊಡಬಹುದು. ದಾವೆ ನಡೆಯುವಾಗ ಆದ ಇಂಥ ವರ್ಗಾವಣೆಗೆ ರೂಲ್ 10 ಇದೆ, ಕೋರ್ಟಿನ ಅನುಮತಿ ತೆಗೆದುಕೊಳ್ಳಬೇಕು. ಸ್ಟ್ಯಾಂಪ್ ಡ್ಯೂಟಿ ಬೀಳುತ್ತದೆ. ಆದರೆ ಅದು ಎರಡನೆಯ ಹೆಜ್ಜೆ. ಮೊದಲು ಅವರು ದಾಖಲೆಗೆ ಬರಲಿ. ಬಿದ್ದುಹೋದ ಹಕ್ಕನ್ನು ಕೈಬದಲಾಯಿಸಿ ಉಳಿಸಿಕೊಳ್ಳಲು ಹೊರಟರೆ ಹೊಸ ತಕರಾರು ಹುಟ್ಟುತ್ತದೆ.

ಸೇರಿದ ಮೇಲೆ ಅವರು ಅಣ್ಣ ನಿಂತಿದ್ದ ಜಾಗದಲ್ಲೇ ನಿಲ್ಲಬೇಕು. ಅಣ್ಣ ಹೇಳದಿದ್ದ ಹೊಸ ಕತೆ ಕಟ್ಟುವಂತಿಲ್ಲ.

ಅಣ್ಣನ ಸಾಕ್ಷಿಯ ವಿಷಯ ನೀವು ಒಂದೇ ಸಾಲಿನಲ್ಲಿ ಬರೆದಿದ್ದೀರಿ. ನನಗೆ ಅಬೇಟ್ ಆದದ್ದಕ್ಕಿಂತ ಇದರ ಬಗ್ಗೆಯೇ ಚಿಂತೆ ಜಾಸ್ತಿ. ಅಫಿಡವಿಟ್ ಕೊಟ್ಟು ಪಾಟೀಸವಾಲಿಗೆ ಮುಂಚೆ ಸಾಕ್ಷಿ ತೀರಿಕೊಂಡರೆ, ಎದುರಿನವರು ಪ್ರಶ್ನಿಸಲು ಅವಕಾಶವೇ ಸಿಗದ ಆ ಮಾತಿಗೆ ಕೋರ್ಟು ತೂಕ ಕೊಡದೆ ಇರಬಹುದು. ಅದರ ಮೇಲೆ ಕೇಸು ನಿಲ್ಲಿಸಬೇಡಿ. ವಾರಸುದಾರರು ಸೇರಿದ ಕೂಡಲೇ ನೀವೇ ಸಾಕ್ಷಿಯಾಗಿ ಹೊಸ ಅಫಿಡವಿಟ್ ಕೊಡಿ. ಮುಂಗಡ ಕೊಟ್ಟ ದಿನ ನೀವಿದ್ದಿರಾ, ಚೆಕ್ ಯಾರ ಖಾತೆಯದು, ಮಾಲೀಕರ ಜೊತೆ ಮಾತಾಡಿದ್ದು ಯಾರು ಎಂದು ಈಗಲೇ ನೆನಪು ಮಾಡಿ ಬರೆದಿಟ್ಟುಕೊಳ್ಳಿ. ಅಣ್ಣನಿಗೆ ಮಾತ್ರ ಗೊತ್ತಿದ್ದದ್ದು ಏನಾದರೂ ಇದ್ದರೆ ಅದನ್ನು ಹೇಳಬಲ್ಲ ಇನ್ನೊಬ್ಬರು, ಬ್ರೋಕರ್ ಆಗಲಿ ಸಾಕ್ಷಿ ಸಹಿ ಹಾಕಿದವರಾಗಲಿ, ಬೇಕಾಗುತ್ತಾರೆ. ಮೂಲ ಒಪ್ಪಂದಪತ್ರ, ರಸೀದಿಗಳು ಎಲ್ಲಿವೆ? ಕೋರ್ಟಿಗೆ ಕೊಟ್ಟಿಲ್ಲವಾದರೆ ಊರಿನ ಕಪಾಟಿನಲ್ಲಿ ಇರಬಹುದು. ಸಾವಿನ ನಂತರ ಮನೆ ಗುಡಿಸಿ ಸುಣ್ಣ ಬಳಿಯುವಾಗ ಹಳೆ ಕಾಗದ ಒಲೆಗೆ ಹೋದ ಉದಾಹರಣೆಗಳು ನಮ್ಮಲ್ಲಿ ಬೇಕಾದಷ್ಟಿವೆ. ಮುಂದಿನ ಸಲ ಊರಿಗೆ ಮತ್ಸ್ಯಗಂಧ ರೈಲು ಹತ್ತಿದಾಗ ಮೊದಲ ಕೆಲಸ ಅದಾಗಲಿ.

ಅರ್ಜಿ ಮಂಜೂರಾದ ದಿನ ಸಂತೋಷದಿಂದ ಮನೆಗೆ ಬಂದು ಮರೆತುಬಿಡುವವರೂ ಇದ್ದಾರೆ. ಆರ್ಡರ್ ಆದರೆ ಸಾಲದು, ದಾವಾಪತ್ರದಲ್ಲಿ ತಿದ್ದಬೇಕು. ಒಂದನೇ ವಾದಿಯ ಜಾಗದಲ್ಲಿ 1(ಅ), 1(ಆ) ಎಂದು ಹೆಸರುಗಳು ಬರಬೇಕು, ತಿದ್ದಿದ ಪ್ರತಿ ಎದುರಿನವರಿಗೆ ಕೊಡಬೇಕು. ಆರ್ಡರಿನಲ್ಲಿ ಗಡುವು ಹೇಳಿದ್ದರೆ ಆ ಗಡುವು, ಹೇಳದಿದ್ದರೆ ಆರ್ಡರ್ 6 ರೂಲ್ 18ರ 14 ದಿನ. ಅದು ದಾಟಿದರೆ ಮತ್ತೆ ಇನ್ನೊಂದು ಅರ್ಜಿ. ಗುಮಾಸ್ತರ ಹಿಂದೆ ಬಿದ್ದು ಮಾಡಿಸಿಕೊಳ್ಳಿ.

ಕೆಳಗಿನ ಕೋರ್ಟು ಒಪ್ಪದಿದ್ದರೆ? ಅಬೇಟ್ ರದ್ದು ಮಾಡಲು ನಿರಾಕರಿಸಿದ ಆರ್ಡರಿನ ಮೇಲೆ ಅಪೀಲು ಇದೆ, ಆರ್ಡರ್ 43ರಲ್ಲಿ. ಅದೇ ಕಾರಣಕ್ಕೆ ಹೊಸ ದಾವೆ ಹೂಡಲು ಮಾತ್ರ ಬರುವುದಿಲ್ಲ, ರೂಲ್ 9 ಆ ಬಾಗಿಲು ಮುಚ್ಚಿದೆ. 'ಇದು ಹೋದರೆ ಹೋಗಲಿ, ಇನ್ನೊಂದು ಹಾಕೋಣ' ಎಂದು ಯಾರಾದರೂ ಸಲಹೆ ಕೊಟ್ಟರೆ ಕೇಳಬೇಡಿ.

ಕೊನೆಗೆ ಒಂದು ವಿಷಯ, ನೀವು ಕೇಳಿಲ್ಲ ಆದರೂ ಹೇಳುತ್ತೇನೆ. 2014ರಲ್ಲಿ ನಿಮ್ಮ ಮಾಲೀಕರಿಗೆ ಎಷ್ಟು ವಯಸ್ಸಾಗಿತ್ತು? ಪ್ರತಿವಾದಿ ತೀರಿಕೊಂಡರೂ ಇದೇ 90 ದಿನ, ರೂಲ್ 4ರಲ್ಲಿ. ಆಗ ಅವರ ವಾರಸುದಾರರನ್ನು ಹುಡುಕಿ ತರುವ ಕೆಲಸ ನಿಮ್ಮದು. ಹಾಗಾಗಿ ದಾದರಿನ ಕಡೆ ಹೋದಾಗ ಆ ಗಾಲಾದ ಪಕ್ಕದ ಅಂಗಡಿಯಲ್ಲಿ ಒಂದು ಚಹಾ ಕುಡಿದು, ಮಾಲೀಕರು ಹೇಗಿದ್ದಾರೆ ಎಂದು ವಿಚಾರಿಸಿಕೊಂಡು ಬನ್ನಿ.

ಅಣ್ಣನ ಮಗನಿಗೆ ಇವತ್ತು ರಾತ್ರಿಯೇ ಫೋನ್ ಮಾಡಿ. ನಿಮ್ಮ ಅಮ್ಮ ಇದ್ದರೆ ಅವರ ಆಧಾರ್ ಕಾರ್ಡಿನಲ್ಲಿ ಹೆಸರು ಹೇಗಿದೆ ಎಂದು ನೋಡಿ, ಅರ್ಜಿಯಲ್ಲಿ ಹಾಗೆಯೇ ಬರೆಸಿ.